ಮಂಜಿನ ದಿಂಡಿನಲ್ಲಿ ಅಡಗಿದ ಹಳೆಯ ಗಾಳಿ



ಈ ಭಾಷಣದ ಚಿತ್ರೀಕರಣದ ದಿನ ಕ್ಯಾಂಟೀನಿನಿಂದ ಒಂದು ಮಂಜುಗಡ್ಡೆಯನ್ನು ತರಿಸಿ ಮೇಜಿನ ಮೇಲಿನ ತಟ್ಟೆಯಲ್ಲಿ ಇಡಿಸಿದ್ದೆ. ಧ್ರುವ ಪ್ರದೇಶದ ಬಗ್ಗೆ ಮಾತನಾಡುವವನ ಮುಂದೆ ಒಂದಿಷ್ಟು ಮಂಜಾದರೂ ಇರಲಿ ಎಂಬ ಆಸೆ. ಧ್ವನಿ ಪರೀಕ್ಷೆ ಮುಗಿದು, ಬೆಳಕು ಸರಿಹೋಗಿ, ಎರಡು ಬಾರಿ ಆರಂಭಿಸಿ ನಿಲ್ಲಿಸಿ, ಮೂರನೆಯ ಬಾರಿ ಶುರುಮಾಡುವ ಹೊತ್ತಿಗೆ ತಟ್ಟೆಯಲ್ಲಿ ಉಳಿದದ್ದು ನೀರು ಮಾತ್ರ. ನಮ್ಮ ಛಾಯಾಗ್ರಾಹಕರು ನಕ್ಕು, "ಇನ್ನೊಂದು ತರಿಸಲೇ ಸಾರ್?" ಎಂದರು. ಕ್ಯಾಂಟೀನಿನ ಮಂಜುಗಡ್ಡೆಯಾದ್ದರಿಂದ ಇನ್ನೊಂದು ಬಂತು. ಇಂದು ನಾನು ಹೇಳಹೊರಟಿರುವ ಮಂಜುಗಡ್ಡೆಗೆ ಆ ಅನುಕೂಲವಿಲ್ಲ. ಅದು ಕರಗಿದರೆ ಇನ್ನೊಂದು ತರಿಸಲು ಬರುವುದಿಲ್ಲ.

ನಾನು ವಿಜ್ಞಾನ ಓದಿದವನೇ ಹೊರತು ವಿಜ್ಞಾನಿಯಲ್ಲ. ಅಂಟಾರ್ಕ್ಟಿಕವನ್ನು ಕಣ್ಣಾರೆ ಕಂಡವನೂ ಅಲ್ಲ. ಆದರೆ ವಿಜ್ಞಾನದ ಕಾರ್ಯಕ್ರಮಗಳನ್ನು ತಯಾರಿಸುವ ಕೆಲಸದಲ್ಲಿ ಹಲವು ವರ್ಷ ಕಳೆದ ಮೇಲೆ, ಒಂದು ಪ್ರಶ್ನೆಯನ್ನು ನಾನೇ ಕೇಳಿಕೊಂಡು ಉತ್ತರ ಹುಡುಕಬೇಕಾಯಿತು. ಒಬ್ಬ ವೀಕ್ಷಕರು ಪತ್ರ ಬರೆದಿದ್ದರು: "ಹವೆ ಬಿಸಿಯಾಗುತ್ತಿದೆ ಎನ್ನುತ್ತೀರಿ. ಲಕ್ಷ ವರ್ಷಗಳ ಹಿಂದೆ ಗಾಳಿ ಹೇಗಿತ್ತು ಎಂದು ನೋಡಿದವರು ಯಾರು? ಆಗ ಉಷ್ಣಮಾಪಕ ಇತ್ತೇ?" ನ್ಯಾಯವಾದ ಪ್ರಶ್ನೆ. ಆಗ ಉಷ್ಣಮಾಪಕವೂ ಇರಲಿಲ್ಲ, ನೋಡಿ ಬರೆದಿಡುವವರೂ ಇರಲಿಲ್ಲ. ಆದರೂ ಲೆಕ್ಕ ಉಳಿದಿದೆ. ಅದು ಉಳಿದಿರುವುದು ಮಂಜಿನಲ್ಲಿ.

ಮೊದಲು ಆ ಮಂಜಿನ ಪ್ರಮಾಣವನ್ನು ಸ್ವಲ್ಪ ಗಮನಿಸೋಣ. ಅಂಟಾರ್ಕ್ಟಿಕ ಖಂಡದ ವಿಸ್ತಾರ ಸುಮಾರು 1 ಕೋಟಿ 40 ಲಕ್ಷ ಚದರ ಕಿಲೋಮೀಟರ್. ಅಂದರೆ ನಮ್ಮ ದೇಶದ ನಾಲ್ಕು ಪಟ್ಟಿಗಿಂತಲೂ ಹೆಚ್ಚು. ಅದರ ಮೇಲೆ ಹೊದಿಸಿದ ಮಂಜಿನ ಸರಾಸರಿ ದಪ್ಪ ಸುಮಾರು ಎರಡು ಕಿಲೋಮೀಟರ್; ಕೆಲವೆಡೆ ನಾಲ್ಕು ಕಿಲೋಮೀಟರಿಗೂ ಮಿಗಿಲು. ಭೂಮಿಯ ಮೇಲಿನ ಮಂಜಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಅಲ್ಲಿಯೇ ಇದೆ. ಇಷ್ಟೊಂದು ಮಂಜು ಇರಬೇಕಾದರೆ ಅಲ್ಲಿ ವರ್ಷವಿಡೀ ಹಿಮ ಸುರಿಯುತ್ತಿರಬೇಕು ಎಂದು ನಾವು ಭಾವಿಸುತ್ತೇವೆ. ಸೋಜಿಗವೆಂದರೆ, ಖಂಡದ ಒಳನಾಡು ಒಂದು ಮರುಭೂಮಿ. ಅಲ್ಲಿ ಒಂದು ವರ್ಷದಲ್ಲಿ ಬೀಳುವ ಹಿಮವನ್ನೆಲ್ಲ ಕರಗಿಸಿದರೆ ಸಿಗುವ ನೀರು ಎರಡು ಮೂರು ಸೆಂಟಿಮೀಟರ್ ಮಾತ್ರ. ಆಗುಂಬೆಯಲ್ಲಿ ಮಳೆಗಾಲದ ಒಂದು ಮಧ್ಯಾಹ್ನಕ್ಕೆ ಅಷ್ಟು ಬಿದ್ದೀತು. ಆದರೆ ಅಲ್ಲಿ ಬಿದ್ದದ್ದು ಕರಗುವುದಿಲ್ಲ. ಹನಿಗೂಡಿ ಹಳ್ಳವಾಗುವಂತೆ, ಪದರದ ಮೇಲೆ ಪದರ ಕೂಡಿ ಲಕ್ಷಾಂತರ ವರ್ಷಗಳಲ್ಲಿ ಕಿಲೋಮೀಟರುಗಟ್ಟಲೆ ದಪ್ಪವಾಗಿದೆ.

ಹೊಸದಾಗಿ ಬಿದ್ದ ಹಿಮ ಹತ್ತಿಯಂತೆ ಹಗುರ. ಅದರ ಕಣಗಳ ನಡುವೆ ಗಾಳಿ ಸಲೀಸಾಗಿ ಓಡಾಡುತ್ತದೆ. ಮೇಲೆ ಮೇಲೆ ಹಿಮ ಬಿದ್ದಂತೆ ಕೆಳಗಿನದು ಒತ್ತಿಕೊಂಡು ಗಟ್ಟಿಯಾಗುತ್ತದೆ. ಸುಮಾರು 60ರಿಂದ 100 ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ಕಣಗಳ ನಡುವಿನ ಸಂದುಗಳು ಮುಚ್ಚಿಹೋಗುತ್ತವೆ. ಸಂದಿನಲ್ಲಿದ್ದ ಗಾಳಿ ಸಣ್ಣ ಸಣ್ಣ ಗುಳ್ಳೆಗಳಾಗಿ ಸಿಕ್ಕಿಬೀಳುತ್ತದೆ. ಅಂದಿನಿಂದ ಅದಕ್ಕೆ ಹೊರಗಿನ ಲೋಕದ ಸಂಪರ್ಕವಿಲ್ಲ. ಹೀಗಾಗಿ ಮಂಜು ಎರಡು ಬಗೆಯ ದಾಖಲೆಗಳನ್ನು ಇಟ್ಟುಕೊಂಡಿದೆ. ಒಂದು, ಮಂಜಾಗಿ ಗಟ್ಟಿಯಾದ ನೀರು. ಇನ್ನೊಂದು, ಅದರೊಳಗಿನ ಗಾಳಿ. ಮೊದಲನೆಯದು ಹಿಂದಿನ ಉಷ್ಣತೆಯನ್ನು ಹೇಳುತ್ತದೆ. ಎರಡನೆಯದು ಹಿಂದಿನ ವಾತಾವರಣವನ್ನೇ ನಮ್ಮ ಕೈಗೆ ಕೊಡುತ್ತದೆ.

ನೀರು ಉಷ್ಣತೆಯನ್ನು ಹೇಗೆ ಹೇಳೀತು? ಇಲ್ಲಿ ಡೆನ್ಮಾರ್ಕಿನ ಭೌತವಿಜ್ಞಾನಿ ವಿಲ್ಲಿ ಡಾನ್ಸ್‌ಗೋರ್ ಅವರನ್ನು ನೆನೆಯಬೇಕು. 1952ರ ಜೂನ್ ತಿಂಗಳ ಒಂದು ವಾರಾಂತ್ಯ ಕೋಪನ್‌ಹೇಗನ್ ನಗರದಲ್ಲಿ ಜೋರು ಮಳೆ ಹಿಡಿಯಿತು. ಡಾನ್ಸ್‌ಗೋರ್ ಅವರು ಮನೆಯ ಹುಲ್ಲುಹಾಸಿನ ಮೇಲೆ ಒಂದು ಖಾಲಿ ಬಿಯರ್ ಬಾಟಲಿ ಇಟ್ಟು, ಅದರ ಬಾಯಿಗೆ ಆಲಿಕೆ ಸಿಕ್ಕಿಸಿ ಮಳೆನೀರು ಹಿಡಿದರು. ಆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಆಮ್ಲಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಹೆಚ್ಚಿನವು 16ರ ತೂಕದವು. ಸುಮಾರು ಐನೂರಕ್ಕೆ ಒಂದರಂತೆ 18ರ ತೂಕದವು ಇರುತ್ತವೆ. ಇವುಗಳನ್ನು ಸಮಸ್ಥಾನಿಗಳೆನ್ನುತ್ತಾರೆ. ಭಾರದ ಆಮ್ಲಜನಕವಿರುವ ನೀರು ಸುಲಭವಾಗಿ ಆವಿಯಾಗುವುದಿಲ್ಲ, ಆವಿಯಾದರೂ ಬೇಗ ಕೆಳಗೆ ಬೀಳುತ್ತದೆ. ಸಮುದ್ರದಿಂದ ಹೊರಟ ಮೋಡ ಧ್ರುವದತ್ತ ಸಾಗುತ್ತ ತಣ್ಣಗಾದಂತೆಲ್ಲ ಭಾರದ ನೀರನ್ನು ದಾರಿಯಲ್ಲೇ ಉದುರಿಸಿಕೊಳ್ಳುತ್ತದೆ. ಎಷ್ಟು ಚಳಿಯೋ ಅಷ್ಟು ಕಡಿಮೆ ಭಾರದ ನೀರು ಕೊನೆಗೆ ಹಿಮವಾಗಿ ಬೀಳುತ್ತದೆ. ಹಾಗಾದರೆ ಹಳೆಯ ಹಿಮದಲ್ಲಿ ಭಾರದ ಆಮ್ಲಜನಕ ಎಷ್ಟಿದೆ ಎಂದು ಅಳೆದರೆ ಅದು ಬಿದ್ದ ಕಾಲದ ಚಳಿ ತಿಳಿಯಬೇಕಲ್ಲವೇ? 1954ರಲ್ಲಿ ಡಾನ್ಸ್‌ಗೋರ್ ಈ ಮಾತನ್ನು ಬರೆದರು. ಆದರೆ ಅಳೆಯಲು ಹಳೆಯ ಹಿಮವನ್ನು ತಂದುಕೊಡುವವರು ಬೇಕಿತ್ತು.

ಅದು ಒದಗಿದ್ದು ವಿಜ್ಞಾನದ ದಾರಿಯಿಂದಲ್ಲ, ಸೇನೆಯ ದಾರಿಯಿಂದ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಸೇನೆ ಗ್ರೀನ್‌ಲೆಂಡಿನ ಮಂಜಿನೊಳಗೆ ಕ್ಯಾಂಪ್ ಸೆಂಚುರಿ ಎಂಬ ಶಿಬಿರ ಕೊರೆಯಿತು. ಮಂಜಿನ ಅಡಿಯಲ್ಲಿ ಕ್ಷಿಪಣಿಗಳನ್ನು ಬಚ್ಚಿಡುವ ಯೋಚನೆಯೂ ಅದರ ಹಿಂದಿತ್ತು. ಆ ಯೋಚನೆ ಫಲಿಸಲಿಲ್ಲ. ಆದರೆ ಅಲ್ಲಿ 1966ರಲ್ಲಿ ವಿಜ್ಞಾನಿಗಳು ಸುಮಾರು 1,390 ಮೀಟರ್ ಕೊರೆದು ಮಂಜಿನ ತಳ ಮುಟ್ಟಿದರು. ಅಲ್ಲಿಂದ ಬಂದ ಮಂಜನ್ನು ಡಾನ್ಸ್‌ಗೋರ್ ಪರೀಕ್ಷಿಸಿದಾಗ ಕಳೆದ ಹಿಮಯುಗದ ಚಳಿ ಅಂಕಿಗಳಲ್ಲಿ ಎದ್ದು ಕಂಡಿತು. ಬಿಯರ್ ಬಾಟಲಿಯ ಯೋಚನೆ ಸುಳ್ಳಾಗಲಿಲ್ಲ.

ಕೊರೆಯುವುದೆಂದರೆ ಏನು ಎಂದೂ ಹೇಳಬೇಕು. ನಮ್ಮಲ್ಲಿ ಕೊಳವೆ ಬಾವಿ ಕೊರೆಯುವಾಗ ಒಳಗಿನದು ಪುಡಿಯಾಗಿ ಹೊರಬರುತ್ತದೆ. ಇಲ್ಲಿ ಹಾಗಾಗುವಂತಿಲ್ಲ. ತುದಿಯಲ್ಲಿ ಹಲ್ಲುಗಳಿರುವ ಟೊಳ್ಳು ಕೊಳವೆಯೊಂದು ಮಂಜನ್ನು ಉಂಗುರದಂತೆ ಸುತ್ತಲೂ ಕೊರೆಯುತ್ತ ಇಳಿಯುತ್ತದೆ. ನಡುವೆ ಉಳಿದ ಮಂಜಿನ ದಿಂಡು ಕೊಳವೆಯೊಳಗೆ ಸೇರುತ್ತದೆ. ಬಾಳೆಗಿಡದ ಪಟ್ಟೆ ಸುಲಿದು ದಿಂಡು ತೆಗೆಯುತ್ತೇವಲ್ಲ, ಹೆಚ್ಚುಕಡಿಮೆ ಅದೇ ಆಕಾರ. ದಪ್ಪ ಸುಮಾರು ಹತ್ತು ಸೆಂಟಿಮೀಟರ್. ಒಂದು ಬಾರಿಗೆ ಎರಡು ಮೂರು ಮೀಟರ್ ದಿಂಡು ಸಿಕ್ಕರೆ ಅದೇ ಭಾಗ್ಯ. ಅದನ್ನು ಮೇಲೆತ್ತಿ, ಮತ್ತೆ ಕೊಳವೆಯನ್ನು ಇಳಿಸಬೇಕು. ಮೂರು ಕಿಲೋಮೀಟರ್ ಆಳದಲ್ಲಿ ಕೊರೆಯುವಾಗ ಪ್ರತಿ ಸಲವೂ ಮೂರು ಕಿಲೋಮೀಟರ್ ಇಳಿದು ಮೂರು ಕಿಲೋಮೀಟರ್ ಏರಬೇಕು. ಇದರ ಮೇಲೆ, ಸುತ್ತಲಿನ ಮಂಜಿನ ಒತ್ತಡಕ್ಕೆ ಕೊರೆದ ರಂಧ್ರ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದನ್ನು ತಡೆಯಲು ಸೀಮೆಎಣ್ಣೆಯಂತಹ, ಹೆಪ್ಪುಗಟ್ಟದ ದ್ರವವನ್ನು ತುಂಬಬೇಕು. ಇಷ್ಟಾದರೂ ಯಂತ್ರ ಆಳದಲ್ಲಿ ಸಿಕ್ಕಿಹಾಕಿಕೊಂಡು ವರ್ಷಗಳ ಶ್ರಮ ವ್ಯರ್ಥವಾದದ್ದುಂಟು.

ಈಗ ಗಾಳಿಯ ವಿಷಯಕ್ಕೆ ಬರೋಣ. ಫ್ರಾನ್ಸಿನ ಕ್ಲೋಡ್ ಲೋರಿಯಸ್ ಇಪ್ಪತ್ತೈದರ ಹರೆಯದಲ್ಲಿ, 1957ರಲ್ಲಿ, ಅಂಟಾರ್ಕ್ಟಿಕದ ಒಳನಾಡಿನ ಪುಟ್ಟ ನೆಲೆಯೊಂದರಲ್ಲಿ ಇನ್ನಿಬ್ಬರೊಡನೆ ಚಳಿಗಾಲ ಕಳೆದವರು. ಮುಂದೆ 1965ರಲ್ಲಿ ಮತ್ತೆ ಅಲ್ಲಿಗೆ ಹೋಗಿದ್ದಾಗ, ಒಂದು ಸಂಜೆ ಕೆಲಸ ಮುಗಿಸಿ ಆಳದಿಂದ ತೆಗೆದ ಮಂಜಿನ ಚೂರುಗಳನ್ನು ವಿಸ್ಕಿಯ ಲೋಟಕ್ಕೆ ಹಾಕಿಕೊಂಡರು. ಮಂಜು ಕರಗುತ್ತಿದ್ದಂತೆ ಅದರೊಳಗಿಂದ ಗುಳ್ಳೆಗಳು ಚಿಮ್ಮಿ ಮೇಲೇರಿದವು. ಈ ಗುಳ್ಳೆಗಳು ಬೇರೇನಲ್ಲ, ಹಿಂದಿನ ಕಾಲದ ಗಾಳಿ ಎಂಬುದು ಅವರಿಗೆ ಹೊಳೆಯಿತು. ಈ ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ. ಹೊಳೆದದ್ದು ಒಂದು ಸಂಜೆಯಲ್ಲಿ. ಆ ಗಾಳಿಯನ್ನು ಇಂದಿನ ಗಾಳಿ ಸೋಕದಂತೆ ಹೊರತೆಗೆದು ನಂಬಿಕೆಗೆ ಅರ್ಹವಾಗಿ ಅಳೆಯುವುದನ್ನು ಕಲಿಯಲು ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಪ್ರಯೋಗಾಲಯಗಳಿಗೆ ಹತ್ತಾರು ವರ್ಷಗಳೇ ಹಿಡಿದವು.

ಅವರಿಗೆ ಬೇಕಾಗಿದ್ದ ಅತಿ ಹಳೆಯ ಮಂಜು ಇದ್ದದ್ದು ಸೋವಿಯತ್ ಒಕ್ಕೂಟದ ವೊಸ್ಟೋಕ್ ನೆಲೆಯಲ್ಲಿ. 1957ರ ಡಿಸೆಂಬರಿನಲ್ಲಿ ಆರಂಭವಾದ ಈ ನೆಲೆ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಉಸಿರಾಟವೇ ಕಷ್ಟ. ಸಾಮಾನು ಸಾಗಿಸಲು ಕರಾವಳಿಯಿಂದ ಸುಮಾರು 1,400 ಕಿಲೋಮೀಟರ್ ದೂರ ಹಿಮದ ಮೇಲೆ ಟ್ರ್ಯಾಕ್ಟರುಗಳು ತೆವಳಬೇಕು. 1983ರ ಜುಲೈ 21ರಂದು ಇಲ್ಲಿ ಸೊನ್ನೆಗಿಂತ ಕೆಳಗೆ 89.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಭೂಮಿಯ ಮೇಲಿನ ಹವಾಮಾನ ಕೇಂದ್ರಗಳಲ್ಲಿ ಅಳೆದ ಉಷ್ಣತೆಗಳಲ್ಲಿ ಅದೇ ಅತ್ಯಂತ ಕನಿಷ್ಠ.

ಅದಕ್ಕೆ ಹಿಂದಿನ ವರ್ಷ, 1982ರ ಏಪ್ರಿಲ್ 12ರಂದು, ಅಲ್ಲಿನ ವಿದ್ಯುತ್ ಕೇಂದ್ರಕ್ಕೆ ಬೆಂಕಿ ಬಿತ್ತು. ಒಬ್ಬರು ಪ್ರಾಣ ಕಳೆದುಕೊಂಡರು. ಉಳಿದ ಇಪ್ಪತ್ತು ಜನರಿಗೆ ಬೆಳಕಿಲ್ಲ, ಶಾಖವಿಲ್ಲ. ಚಳಿಗಾಲದ ಕತ್ತಲೆ ಕವಿಯುತ್ತಿತ್ತು. ಅಷ್ಟು ಚಳಿಯಲ್ಲಿ ವಿಮಾನ ಇಳಿಯಲಾರದು. ಹೊರಗಿನಿಂದ ಯಾರೂ ಬರುವಂತಿರಲಿಲ್ಲ. ಮೂಲೆಗೆ ಬಿದ್ದಿದ್ದ ಹಳೆಯ ಯಂತ್ರವೊಂದನ್ನು ರಿಪೇರಿ ಮಾಡಿ, ಕೈಗೆ ಸಿಕ್ಕಿದ ವಸ್ತುಗಳಿಂದ ಒಲೆಗಳನ್ನು ಕಟ್ಟಿಕೊಂಡು, ಒಂದೇ ಕಟ್ಟಡದಲ್ಲಿ ಒತ್ತೊತ್ತಾಗಿ ಮಲಗಿ ಅವರು ಆ ದೀರ್ಘ ರಾತ್ರಿಯನ್ನು ದಾಟಿದರು. ನಾವು ಪತ್ರಿಕೆಯಲ್ಲಿ ಒಂದು ವಕ್ರರೇಖೆಯ ಚಿತ್ರ ನೋಡಿ ಪುಟ ತಿರುವುತ್ತೇವೆ. ಆ ರೇಖೆಯ ಹಿಂದೆ ಇಂತಹ ರಾತ್ರಿಗಳಿವೆ ಎಂಬುದನ್ನು ಮರೆಯಬಾರದು.

ಇನ್ನೊಂದು ಸಂಗತಿಯೂ ಉಲ್ಲೇಖನೀಯ. 1984ರಲ್ಲಿ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಪರಸ್ಪರ ಕೆಂಗಣ್ಣು ಬಿಡುತ್ತಿದ್ದ ಕಾಲದಲ್ಲಿ, ಲೋರಿಯಸ್ ಮತ್ತು ಅವರ ಸಂಗಡಿಗರು ಅಮೆರಿಕದ ವಿಮಾನವೇರಿ ಸೋವಿಯತ್ ನೆಲೆಗೆ ಹೋದರು. ರಷ್ಯನ್ನರು ಕೊರೆದ ಮಂಜನ್ನು ಫ್ರಾನ್ಸಿಗೆ ತಂದರು. ರಾಜಧಾನಿಗಳಲ್ಲಿ ಆಗದ ಹೊಂದಾಣಿಕೆ ಮಂಜಿನ ಮೇಲೆ ಆಯಿತು. 1959ರಲ್ಲಿ ಸಹಿಯಾದ ಅಂಟಾರ್ಕ್ಟಿಕ ಒಪ್ಪಂದ ಆ ಖಂಡವನ್ನು ಶಾಂತಿಗೂ ವಿಜ್ಞಾನಕ್ಕೂ ಮೀಸಲಿಟ್ಟದ್ದು ಇಂತಹ ಸಹಕಾರಕ್ಕೆ ದಾರಿ ಮಾಡಿತ್ತು.

ಫಲಿತಾಂಶ 1987ರಲ್ಲಿ ಪ್ರಕಟವಾಯಿತು. ಸುಮಾರು ಎರಡು ಕಿಲೋಮೀಟರ್ ಉದ್ದದ ದಿಂಡಿನಲ್ಲಿ 1 ಲಕ್ಷ 60 ಸಾವಿರ ವರ್ಷಗಳ ಚರಿತ್ರೆ. ಉಷ್ಣತೆಯ ರೇಖೆಯನ್ನೂ ಇಂಗಾಲದ ಡೈಆಕ್ಸೈಡಿನ ರೇಖೆಯನ್ನೂ ಒಂದರ ಕೆಳಗೊಂದು ಇಟ್ಟು ನೋಡಿದರೆ, ಎರಡೂ ಜೋಡೆತ್ತುಗಳಂತೆ ಏರುತ್ತ ಇಳಿಯುತ್ತ ಸಾಗುತ್ತವೆ. 1998ರ ಹೊತ್ತಿಗೆ ವೊಸ್ಟೋಕಿನ ರಂಧ್ರ 3,623 ಮೀಟರ್ ಆಳ ತಲುಪಿತು. ಮರುವರ್ಷ 4 ಲಕ್ಷ 20 ಸಾವಿರ ವರ್ಷಗಳ ದಾಖಲೆ ಬೆಳಕು ಕಂಡಿತು. ಬಳಿಕ ಯೂರೋಪಿನ ಹತ್ತು ದೇಶಗಳು ಕೂಡಿ ಡೋಮ್ ಸಿ ಎಂಬಲ್ಲಿ 2004ರ ಡಿಸೆಂಬರಿನಲ್ಲಿ 3,270 ಮೀಟರ್ ತಲುಪಿದವು. ಅದು 8 ಲಕ್ಷ ವರ್ಷಗಳ ಲೆಕ್ಕ. ಮನುಷ್ಯ ವ್ಯವಸಾಯ ಕಲಿತು ಹತ್ತು ಹನ್ನೆರಡು ಸಾವಿರ ವರ್ಷವಾಗಿದೆ ಎಂಬುದನ್ನು ನೆನೆದರೆ, ಈ 8 ಲಕ್ಷದ ಅಗಾಧತೆ ಮನಸ್ಸಿಗೆ ಬಂದೀತು.

ಆ ಲೆಕ್ಕ ಏನನ್ನುತ್ತದೆ? ಹಿಮಯುಗಗಳ ಕಡು ಚಳಿಯಲ್ಲಿ ಗಾಳಿಯ ದಶಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 180 ಭಾಗ. ನಡುವಿನ ಬೆಚ್ಚನೆಯ ಕಾಲಗಳಲ್ಲಿ 280ರ ಆಸುಪಾಸು. 8 ಲಕ್ಷ ವರ್ಷಗಳಲ್ಲಿ ಒಮ್ಮೆಯೂ ಅದು 300ರ ಗೆರೆ ದಾಟಿರಲಿಲ್ಲ. ಕೈಗಾರಿಕಾ ಯುಗಕ್ಕೆ ಮುನ್ನ ಅದು 280 ಇತ್ತು. 1958ರಲ್ಲಿ ಹವಾಯಿ ದ್ವೀಪದ ಬೆಟ್ಟವೊಂದರ ಮೇಲೆ ಗಾಳಿಯನ್ನು ನೇರವಾಗಿ ಅಳೆಯತೊಡಗಿದಾಗ 315ಕ್ಕೆ ಏರಿತ್ತು. ಈಗ 420ನ್ನು ದಾಟಿದೆ. ಕಳೆದ ಹಿಮಯುಗದ ಕೊನೆಯಲ್ಲಿ 180ರಿಂದ ಸುಮಾರು 270ಕ್ಕೆ ಏರಲು ಸಾವಿರಾರು ವರ್ಷಗಳು ಬೇಕಾದವು. 315ರಿಂದ 420ಕ್ಕೆ, ಅಂದರೆ ಅದಕ್ಕಿಂತಲೂ ದೊಡ್ಡ ಏರಿಕೆಗೆ, ನಮ್ಮ ತಂದೆಯವರ ಒಂದು ಜೀವಮಾನ ಸಾಕಾಯಿತು.

ಇಲ್ಲಿ ಒಂದು ಆಕ್ಷೇಪಣೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಕೆಲವರು ಹೇಳುತ್ತಾರೆ: ಹಿಮಯುಗ ಮುಗಿಯುವಾಗ ಅಂಟಾರ್ಕ್ಟಿಕದಲ್ಲಿ ಮೊದಲು ಬಿಸಿ ಏರಿತು, ಆಮೇಲೆ ಇಂಗಾಲದ ಡೈಆಕ್ಸೈಡ್ ಏರಿತು, ಆದ್ದರಿಂದ ಅನಿಲವನ್ನು ದೂರುವುದು ತಪ್ಪು. ಮಾತಿನ ಮೊದಲ ಅರ್ಧದಲ್ಲಿ ಸತ್ಯವಿದೆ. ಹಿಮಯುಗಗಳನ್ನು ಆರಂಭಿಸುವುದೂ ಮುಗಿಸುವುದೂ ಭೂಮಿಯ ಕಕ್ಷೆ ಮತ್ತು ಓಲಾಟದಲ್ಲಿ ನಿಧಾನವಾಗಿ ಆಗುವ ಬದಲಾವಣೆಗಳು. ಅವು ಬಿಸಿಲಿನ ಹಂಚಿಕೆಯನ್ನು ಸ್ವಲ್ಪ ಬದಲಿಸುತ್ತವೆ. ಸಮುದ್ರ ಬೆಚ್ಚಗಾದಂತೆ ತನ್ನಲ್ಲಿದ್ದ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಆ ಅನಿಲ ಇನ್ನಷ್ಟು ಬಿಸಿ ಏರಿಸುತ್ತದೆ. ಬಿಸಿಲಿನ ಆ ಅಲ್ಪ ವ್ಯತ್ಯಾಸವೊಂದರಿಂದಲೇ ಅಷ್ಟು ದೊಡ್ಡ ಬದಲಾವಣೆ ಆಗುವುದು ಸಾಧ್ಯವಿಲ್ಲ. ಅನಿಲದ ಸಹಾಯ ಬೇಕೇ ಬೇಕು. ಒಲೆಯ ಕಿಡಿ ಒಂದು, ಅದಕ್ಕೆ ಊದುವ ಊದುಗೊಳವೆ ಇನ್ನೊಂದು. ಅಂದು ಕಿಡಿ ಕಕ್ಷೆಯದು, ಊದಿದ್ದು ಅನಿಲ. ಇಂದು ನಾವು ಕಲ್ಲಿದ್ದಲು, ಪೆಟ್ರೋಲು ಸುಟ್ಟು ಅನಿಲವನ್ನೇ ಮೊದಲು ಸೇರಿಸುತ್ತಿದ್ದೇವೆ. ಅದು ನಮ್ಮದೇ ಎಂಬುದಕ್ಕೆ ಇಂಗಾಲದ ಸಮಸ್ಥಾನಿಗಳು ಸಾಕ್ಷಿ ಹೇಳುತ್ತವೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ.

ಮಂಜು ಬರೆದಿಟ್ಟದ್ದು ಇಷ್ಟೇ ಅಲ್ಲ. 1815ರಲ್ಲಿ ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ ಕಾರಿದ ಗಂಧಕ ಎರಡೂ ಧ್ರುವಗಳ ಮಂಜಿನಲ್ಲಿದೆ. ಪರಮಾಣು ಬಾಂಬಿನ ಪರೀಕ್ಷೆಗಳ ವಿಕಿರಣದ ಗುರುತು 1950 ಮತ್ತು 60ರ ದಶಕದ ಪದರಗಳಲ್ಲಿದೆ. ರೋಮನ್ನರು ಬೆಳ್ಳಿಗಾಗಿ ಅದಿರು ಕರಗಿಸಿದಾಗ ಎದ್ದ ಸೀಸದ ಧೂಳು ಗ್ರೀನ್‌ಲೆಂಡಿನಲ್ಲಿ ಸಿಕ್ಕಿದೆ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಸೀಸ ಕಳೆದ ಶತಮಾನದ ಪದರಗಳಲ್ಲಿದೆ. ಅದು ವಾಹನಗಳ ಪೆಟ್ರೋಲಿಗೆ ಬೆರೆಸಿದ ಸೀಸ. ಇದರಲ್ಲಿ ಸಮಾಧಾನದ ಸಂಗತಿಯೂ ಉಂಟು. ದೇಶಗಳು ಒಂದೊಂದಾಗಿ ಸೀಸದ ಪೆಟ್ರೋಲನ್ನು ನಿಲ್ಲಿಸಿದವು. ನಮ್ಮ ದೇಶದಲ್ಲಿ ಅದು 2000ದಲ್ಲಿ ನಿಂತಿತು. ನಿಲ್ಲಿಸುವ ಕೆಲಸ ಆರಂಭವಾದ ಕೆಲವೇ ವರ್ಷಗಳಲ್ಲಿ ಗ್ರೀನ್‌ಲೆಂಡಿನ ಹೊಸ ಹಿಮದಲ್ಲಿ ಸೀಸ ಇಳಿಯಿತು. ನಮ್ಮ ತಪ್ಪನ್ನು ಬರೆದಿಡುವ ಮಂಜು, ನಾವು ತಿದ್ದಿಕೊಂಡದ್ದನ್ನೂ ಬರೆದಿಡುತ್ತದೆ.

ಇದರಲ್ಲಿ ನಮಗೇನು ಸಂಬಂಧ ಎಂದು ನೀವು ಕೇಳಬಹುದು. ಕಾವೇರಿಯಾಗಲಿ ಶರಾವತಿಯಾಗಲಿ ಹಿಮದಿಂದ ಹುಟ್ಟುವ ನದಿಗಳಲ್ಲ, ನಿಜ. ಅವು ಮುಂಗಾರಿನ ಮಕ್ಕಳು. ಆದರೆ ಮುಂಗಾರಿಗೂ ಧ್ರುವದ ಚಳಿಗೂ ನಂಟಿದೆ. ಅರಬ್ಬೀ ಸಮುದ್ರದ ತಳದ ಹೂಳನ್ನು ಪರೀಕ್ಷಿಸಿದವರು, ಹಿಂದೆ ಗ್ರೀನ್‌ಲೆಂಡ್ ತಣ್ಣಗಾದಾಗಲೆಲ್ಲ ನಮ್ಮ ಮುಂಗಾರು ದುರ್ಬಲವಾಗಿತ್ತು ಎಂಬುದನ್ನು ಕಂಡಿದ್ದಾರೆ. ಇನ್ನು ಮೀಥೇನ್ ಎಂಬ ಅನಿಲ. ಗದ್ದೆಯ ಕೆಸರಿನಲ್ಲಿ ಕಾಲಿಟ್ಟಾಗ ಬುಳುಬುಳು ಎದ್ದು ಬರುವ ಗುಳ್ಳೆಗಳಲ್ಲಿ ಅದಿರುತ್ತದೆ. ಉಷ್ಣವಲಯದ ಜೌಗು ನೆಲಗಳು ಮಳೆಯಿಂದ ತುಂಬಿದ ಕಾಲ, ಒಣಗಿದ ಕಾಲ ಎರಡೂ ಧ್ರುವದ ಮಂಜಿನ ಮೀಥೇನಿನಲ್ಲಿ ದಾಖಲಾಗಿವೆ. ಅಂದರೆ ನಮ್ಮಂತಹ ನಾಡುಗಳ ಕೆಸರಿನ ಉಸಿರೂ ಅಲ್ಲಿ ಸೇರಿದೆ.

ಭಾರತದ ಮೊದಲ ಅಂಟಾರ್ಕ್ಟಿಕ ತಂಡ ಡಾ. ಎಸ್. ಝಡ್. ಖಾಸಿಂ ಅವರ ನೇತೃತ್ವದಲ್ಲಿ 1981ರ ಡಿಸೆಂಬರ್ 6ರಂದು ಹೊರಟದ್ದು ನಮ್ಮ ನೆರೆಯ ಗೋವೆಯಿಂದ. 1982ರ ಜನವರಿ 9ರಂದು ಅದು ಅಲ್ಲಿ ಕಾಲಿಟ್ಟಿತು. ಬಳಿಕ ಕಟ್ಟಿದ ದಕ್ಷಿಣ ಗಂಗೋತ್ರಿ ನೆಲೆಯನ್ನು ಹಿಮವೇ ಹೂತುಹಾಕಿತು. ನಂತರ ಮೈತ್ರಿ, 2012ರಲ್ಲಿ ಭಾರತಿ, ಉತ್ತರ ಧ್ರುವದ ಕಡೆ 2008ರಲ್ಲಿ ಹಿಮಾದ್ರಿ ನೆಲೆಗಳು ಬಂದವು. ಭಾರತೀಯರು ತಂದ ಮಂಜಿನ ದಿಂಡುಗಳು ಗೋವೆಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ಶೀತಲ ಕೋಣೆಗಳಲ್ಲಿವೆ. ಹೊರಗೆ ತೆಂಗಿನ ಮರಗಳು, ಸೆಕೆ, ಬೆವರು. ಒಳಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಧ್ರುವದ ಮಂಜು.

ಶೀತಲ ಕೋಣೆಯೂ ಪೂರ್ತಿ ಅಭಯವಲ್ಲ. 2017ರಲ್ಲಿ ಕೆನಡಾದ ವಿಶ್ವವಿದ್ಯಾಲಯವೊಂದರಲ್ಲಿ ಶೈತ್ಯ ಯಂತ್ರ ಕೆಟ್ಟು, ಆರ್ಕ್ಟಿಕ್ ಪ್ರದೇಶದಿಂದ ತಂದಿದ್ದ ಮಂಜಿನ ಸಂಗ್ರಹದಲ್ಲಿ ಸುಮಾರು ಎಂಟನೇ ಒಂದು ಭಾಗ ಕರಗಿ ನೀರಾಯಿತು. ಸಾವಿರಾರು ವರ್ಷಗಳ ಚರಿತ್ರೆ ನೆಲ ಒರೆಸುವ ನೀರಾದದ್ದನ್ನು ನೋಡಿ ನಿಂತವರ ಸಂಕಟ ಊಹಿಸಿಕೊಳ್ಳಿ. ಇದಕ್ಕಿಂತ ದೊಡ್ಡ ಭಯ ಪರ್ವತಗಳ ನೀರ್ಗಲ್ಲುಗಳದ್ದು. ಆಲ್ಪ್ಸ್, ಆಂಡೀಸ್, ಹಿಮಾಲಯಗಳಲ್ಲಿ ಅವು ಕರಗುತ್ತಿವೆ. ಮೇಲಿನ ನೀರು ಒಳಗಿಳಿದರೆ ಪದರಗಳ ಬರಹವೆಲ್ಲ ಕಲಸಿಹೋಗುತ್ತದೆ. ಆದ್ದರಿಂದ ವಿಜ್ಞಾನಿಗಳು 2016ರಲ್ಲಿ ಆಲ್ಪ್ಸಿನ ಮಾಂಟ್ ಬ್ಲಾಂಕ್ ಪರ್ವತದಲ್ಲಿ, 2017ರಲ್ಲಿ ಬೊಲಿವಿಯಾದ ಇಲ್ಲಿಮಾನಿಯಲ್ಲಿ ದಿಂಡುಗಳನ್ನು ಕೊರೆದು ತೆಗೆದರು. ಅವುಗಳಲ್ಲಿ ಕೆಲವನ್ನು ತಾವು ಪರೀಕ್ಷಿಸುವುದಕ್ಕಲ್ಲ, ಮುಂದೆ ಹುಟ್ಟುವ ವಿಜ್ಞಾನಿಗಳಿಗಾಗಿ ಅಂಟಾರ್ಕ್ಟಿಕದ ಹಿಮದೊಳಗೆ ಕಾಪಿಡುವುದು ಅವರ ಉದ್ದೇಶ. ತನ್ನ ಕಾಲಕ್ಕೆ ಹಣ್ಣು ಸಿಗದೆಂದು ತಿಳಿದೂ ಮಾವಿನ ಸಸಿ ನೆಡುವ ಅಜ್ಜನ ಕೆಲಸ ಅದು.

ಹುಡುಕಾಟ ನಿಂತಿಲ್ಲ. 2025ರ ಜನವರಿಯಲ್ಲಿ ಯೂರೋಪಿನ ತಂಡವೊಂದು ಡೋಮ್ ಸಿ ಸಮೀಪದ ಲಿಟ್ಲ್ ಡೋಮ್ ಸಿ ಎಂಬಲ್ಲಿ 2,800 ಮೀಟರ್ ಕೊರೆದು ಬಂಡೆಯನ್ನು ಮುಟ್ಟಿತು. ಅಲ್ಲಿ ಸಿಕ್ಕ ಮಂಜಿನ ವಯಸ್ಸು 12 ಲಕ್ಷ ವರ್ಷಗಳಿಗೂ ಹೆಚ್ಚು. ಹತ್ತು ಲಕ್ಷ ವರ್ಷಗಳ ಹಿಂದೆ ಹಿಮಯುಗಗಳು ಸುಮಾರು 40 ಸಾವಿರ ವರ್ಷಗಳಿಗೊಮ್ಮೆ ಬರುತ್ತಿದ್ದವು. ಆಮೇಲೆ ಲಕ್ಷ ವರ್ಷಗಳಿಗೊಮ್ಮೆ ಬರತೊಡಗಿದವು. ಈ ಬದಲಾವಣೆ ಏಕಾಯಿತು ಎಂಬ ಒಗಟಿಗೆ ಆ ಗುಳ್ಳೆಗಳಲ್ಲಿ ಉತ್ತರ ಸಿಕ್ಕೀತೆಂಬ ನಿರೀಕ್ಷೆಯಿದೆ.

ಪತ್ರ ಬರೆದಿದ್ದ ಆ ವೀಕ್ಷಕರಿಗೆ ನನ್ನ ಉತ್ತರ ಇದೇ. ಲಕ್ಷ ವರ್ಷಗಳ ಹಿಂದೆ ನೋಡಿದವರು ಯಾರೂ ಇಲ್ಲ, ಸ್ವಾಮಿ. ಆದರೆ ಆ ಕಾಲದ ಗಾಳಿ ಇನ್ನೂ ಇದೆ, ಅದನ್ನು ಅಳೆದಿದ್ದಾರೆ. ಇನ್ನು ಈ ವರ್ಷ ನಾವು ಬಿಡುವ ಹೊಗೆಯೂ ಅಲ್ಲಿನ ಹಿಮದ ಸಂದುಗಳಿಗೆ ಇಳಿಯುತ್ತಿದೆ. ಸಾವಿರಾರು ವರ್ಷಗಳ ನಂತರ ಯಾರೋ ಒಬ್ಬರು ಆ ದಿಂಡನ್ನು ಮೇಲೆತ್ತಿ, ನಮ್ಮ ಕಾಲದ ಗುಳ್ಳೆಯನ್ನು ಒಡೆದು ಅಳೆಯಬಹುದು. 420ರ ಮುಂದೆ ಆ ರೇಖೆ ಏರುತ್ತಲೇ ಹೋಯಿತೋ, ಸೀಸದ ರೇಖೆಯಂತೆ ಇಳಿಯಿತೋ ಎಂಬುದು ಅವರಿಗೆ ತಿಳಿಯುತ್ತದೆ. ಅದನ್ನು ತೀರ್ಮಾನಿಸುವವರು ಮಾತ್ರ ಅವರಲ್ಲ, ನಾವು.